ಅತ್ತಿಗೆಯ ವಾಗ್ದಾನದ ಪೆಟ್ಟಿಗೆ

ಬಹರೈನಿಗೆ ಹೋಗಲು ವೀಸಾ ಬೇಕು. ಅಲ್ಲಿ ಇರಲು ಸಿಪಿಆರ್ ಎಂದು ಕರೆಯುವ ಗುರುತಿನ ಚೀಟಿ ಬೇಕು. ಆದರೆ ಅಲ್ಲಿ ಅಳಬೇಕೆಂದರೆ ನನ್ನ ಅತ್ತಿಗೆಯ ಅನುಮತಿ ಬೇಕಿತ್ತು. ಮೊದಲಿನ ಎರಡು ಹೇಗೋ ಸಿಕ್ಕವು. ಮೂರನೆಯದು ಅವರ ಜೊತೆ ಇದ್ದ ಅಷ್ಟೂ ವರ್ಷ ನನಗೆ ಸಿಗಲಿಲ್ಲ!

ಮಕ್ಕಳೇ, ಈ ಅತ್ತಿಗೆ ಎಂದರೆ ನಿಮ್ಮ ಅಜ್ಜನ ಅಕ್ಕ. ನಡುಕೋಣೆಯ ಪಟದಲ್ಲಿ ಅಜ್ಜನ ಪಕ್ಕ ನಿಂತು, ಫೋಟೊ ತೆಗೆಯುವವನಿಗೇ ಏನೋ ಬುದ್ಧಿ ಹೇಳುತ್ತಿರುವ ಹಾಗೆ ಬಾಯಿ ತೆರೆದಿದ್ದಾರಲ್ಲ, ಆ ಉದ್ದನೆಯ ಹೆಂಗಸು. ಇವರು ಯಾರು, ಯಾಕೆ ಎರಡೆರಡು ಕನ್ನಡಕ ಹಾಕಿಕೊಂಡಿದ್ದಾರೆ ಎಂದು ನೀವು ಕೇಳುತ್ತಲೇ ಇರುತ್ತೀರಿ. ನಾಲ್ಕು ಜನರ ಮುಂದೆ ನನಗೆ ಮಾತು ಹೊರಡುವುದಿಲ್ಲ, ನಿಮಗೆ ಗೊತ್ತು. ಆದ್ದರಿಂದ ಬರೆದಿಡುತ್ತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ ಸ್ವರ್ಗದಿಂದಲೇ ಒಂದು ಚೀಟಿ ಕಳಿಸಿಯಾರು ಎಂಬ ಹೆದರಿಕೆ ನನಗೆ ಇನ್ನೂ ಇದೆ.

ಅತ್ತಿಗೆಗೆ ಮದುವೆಯಾಗಿರಲಿಲ್ಲ. ಡಿಪ್ಲೊಮ್ಯಾಟಿಕ್ ಏರಿಯಾ ಎಂಬ ಆಫೀಸುಗಳ ಕೇರಿಯ ಒಂದು ವಿಮಾ ಕಂಪನಿಯಲ್ಲಿ ಟೈಪಿಸ್ಟ್ ಆಗಿದ್ದರು. ತಮ್ಮನನ್ನು ಊರಿನಿಂದ ಕರೆಸಿ ಕೆಲಸಕ್ಕೆ ಹಚ್ಚಿದವರೂ ಅವರೇ. ಮಾಹೂಝ್ ಬಡಾವಣೆಯ ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ಅವರು ನಮ್ಮ ಜೊತೆ ಇದ್ದರೋ, ನಾವು ಅವರ ಜೊತೆ ಇದ್ದೆವೋ ಎಂಬ ವಿಷಯದಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಮೂಗಿನ ಮೇಲಿನ ಕನ್ನಡಕ ಓದಲಿಕ್ಕೆ, ತಲೆಯ ಮೇಲಿನದು ದೂರದಲ್ಲಿ ಯಾರಾದರೂ ಮುಖ ಸಪ್ಪೆ ಮಾಡಿಕೊಂಡಿದ್ದಾರೆಯೇ ಎಂದು ಹುಡುಕಲಿಕ್ಕೆ.

ತೊಂಬತ್ತೆರಡರಲ್ಲಿ ಆರು ವರ್ಷದ ನಿಮ್ಮ ಅಮ್ಮನ ಕೈ ಹಿಡಿದು ನಾನು ಬಹರೈನಿನ ವಿಮಾನ ನಿಲ್ದಾಣದಲ್ಲಿ ಇಳಿದಾಗ ನನ್ನ ಕಣ್ಣು ಅತ್ತು ಅತ್ತು ಊದಿತ್ತು. ಅತ್ತಿಗೆ ಅಪ್ಪಿಕೊಳ್ಳಲಿಲ್ಲ. ಚೀಲವನ್ನೂ ಇಸಿದುಕೊಳ್ಳಲಿಲ್ಲ. ಕೈಚೀಲದಿಂದ ಒಂದು ಚೀಟಿ ತೆಗೆದು ನನ್ನ ಕೈಗಿಟ್ಟು, "ಮೊದಲು ಇದನ್ನು ಓದು. ಅಳುದು ಆಮೇಲೆ," ಎಂದರು. ದೇವರು ಕರೆದುಕೊಂಡು ಬಂದವರನ್ನು ದಾರಿಯಲ್ಲಿ ಬಿಟ್ಟು ಹೋಗುವುದಿಲ್ಲ ಎಂಬ ಅರ್ಥದ ಎರಡು ಸಾಲು, ಮುತ್ತಿನಂಥ ಅಕ್ಷರ. ನನಗೆ ನಿಜಕ್ಕೂ ಸಮಾಧಾನವಾಯಿತು. ಕಾರಿನಲ್ಲಿ ಕೂತು ಚೀಟಿ ತಿರುಗಿಸಿದರೆ ಹಿಂದೆ ಇಂಗ್ಲಿಷಿನಲ್ಲಿ ಏನೋ ಅಚ್ಚಾಗಿತ್ತು. ನಿಮ್ಮ ಅಜ್ಜ ಓದಿ ಹೇಳಿದರು: ಬೆಂಕಿ, ಭೂಕಂಪ, ಪ್ರವಾಹ, ಗಲಭೆಗಳಿಂದ ಆಗುವ ಯಾವುದೇ ನಷ್ಟಕ್ಕೆ ಕಂಪನಿ ಹೊಣೆಯಲ್ಲ.

ಯಾವ ಬದಿಯನ್ನು ನಂಬುವುದು?

ಅತ್ತಿಗೆಯ ಆಫೀಸಿನಲ್ಲಿ ಹಾಳಾದ ವಿಮೆಯ ಫಾರಂಗಳಿಗೆ ಬರಗಾಲವಿರಲಿಲ್ಲ. ಅವನ್ನು ಮನೆಗೆ ತಂದು, ಕತ್ತರಿಸಿ, ಹಿಂಬದಿಯಲ್ಲಿ ಪ್ರೋತ್ಸಾಹದ ಮಾತು ಬರೆಯುವುದು ಅವರ ದಿನಚರಿ. ಬರೆಯಲು ಬೇಕಾದ ಸರಕನ್ನು ಅವರು ಹಗಲೆಲ್ಲ ಕೂಡಿಸುತ್ತಿದ್ದರು. ಧೈರ್ಯ ತುಂಬುವ, ಭಕ್ತಿ ಬೆಳೆಸುವ, ಬೆಳಿಗ್ಗೆ ಎದ್ದ ಕೂಡಲೇ ನಗುವುದನ್ನು ಕಲಿಸುವ ಸಣ್ಣ ಸಣ್ಣ ಪುಸ್ತಕಗಳು ಮನೆ ತುಂಬ. ಒಂದು ಕೈಯಲ್ಲಿ ಬಂಗುಡೆ ಸಾರು ಮಗುಚುತ್ತ ಇನ್ನೊಂದು ಕೈಯಲ್ಲಿ ಓದುತ್ತಿದ್ದರು. ಸಹನೆಯ ಬಗ್ಗೆ ಒಂದು ಅಧ್ಯಾಯ ಓದುವಷ್ಟರಲ್ಲಿ ಸಾರು ತಳ ಹಿಡಿಯುತ್ತಿತ್ತು. ತಳ ಹಿಡಿದ ಸಾರನ್ನು ತಿನ್ನುವಾಗ ಆ ಅಧ್ಯಾಯ ನಮಗೆಲ್ಲ ಬೇಕಾಗುತ್ತಿತ್ತು.

ನಿಮ್ಮ ಅಜ್ಜನ ಊಟದ ಡಬ್ಬಿಯಲ್ಲಿ ದಿನವೂ ಒಂದು ಚೀಟಿ. ಒಮ್ಮೆ ಅದು ಹುರಿದ ಮೀನಿಗೆ ಅಂಟಿಕೊಂಡು, ನೋಡದೆ ಅರ್ಧ ತಿಂದುಬಿಟ್ಟಿದ್ದರಂತೆ. ಸಂಜೆ ಮನೆಗೆ ಬಂದು ಬೂಟು ಬಿಚ್ಚುತ್ತ ಹೇಳಿದರು: "ಅಕ್ಕ, ಇವತ್ತಿನ ಪ್ರೋತ್ಸಾಹಕ್ಕೆ ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು." ಅತ್ತಿಗೆಗೆ ನಗು ಬರಲಿಲ್ಲ. ಒಳಗೆ ಇಳಿಯಿತಲ್ಲ, ಅಷ್ಟು ಸಾಕು ಎಂದರು.

ಕೆಳಗಿನ ಕೋಲ್ಡ್ ಸ್ಟೋರಿನವನು ಮಲಯಾಳಿ. ಅಲ್ಲಿ ಮೂಲೆಯ ದಿನಸಿ ಅಂಗಡಿಗೆ ಹಾಗೇ ಹೇಳುವುದು. ಹಾಲು, ಖುಬೂಸ್ ರೊಟ್ಟಿ ತರಲು ಹೋದಾಗಲೆಲ್ಲ ಅತ್ತಿಗೆ ಅವನಿಗೂ ಒಂದು ಚೀಟಿ ಕೊಟ್ಟು ಬರುತ್ತಿದ್ದರು. ಅವನಿಗೆ ಕನ್ನಡ ಬಾರದು. ಆದರೆ ಬಲು ಮರ್ಯಾದಸ್ಥ. ಎಲ್ಲವನ್ನೂ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿದ್ದ. ಒಂದು ದಿನ ಅಂಗಡಿಯ ಫ್ರಿಜ್ಜಿನ ಹಿಂದೆ ವೈರು ಸುಟ್ಟು ಹೊಗೆ ಬಂತು. ಅಕ್ಕಪಕ್ಕದವರೆಲ್ಲ ಓಡಿ ಬಂದರೆ ಅವನು ಮಾತ್ರ ನಿಶ್ಚಿಂತೆಯಿಂದ ನಿಂತಿದ್ದ. ಕೇಳಿದ್ದಕ್ಕೆ ಡಬ್ಬಿ ತೆರೆದು ತೋರಿಸಿದ. ಅಷ್ಟೂ ದಿನ ಅವನು ಓದಿದ್ದು ಇಂಗ್ಲಿಷಿನ ಬದಿಯನ್ನು! ಮೇಲಿನ ಮನೆಯ ಮೇಡಂ ತನ್ನ ಅಂಗಡಿಗೆ ತುಂಡು ತುಂಡಾಗಿ ವಿಮೆ ಮಾಡಿಸಿಕೊಡುತ್ತಿದ್ದಾರೆ ಎಂದು ತಿಳಿದಿದ್ದನಂತೆ. ಹಾಗಲ್ಲ ಎಂದು ಹೇಳಲು ನಿಮ್ಮ ಅಜ್ಜನಿಗೆ ಅರ್ಧ ಗಂಟೆ ಹಿಡಿಯಿತು. ಅತ್ತಿಗೆಗೆ ಮಾತ್ರ ಬೇಸರವೇ ಆಗಲಿಲ್ಲ. ಒಂದು ವರ್ಷ ನೆಮ್ಮದಿಯಿಂದ ಇದ್ದನಲ್ಲ, ಅದು ಯಾವ ಬದಿಯಿಂದ ಬಂದರೇನು ಎಂದು ನಮಗೇ ಕೇಳಿದರು.

ಇನ್ನು ರೋಗಿಗಳನ್ನು ನೋಡಲು ಹೋಗುವ ಚಟ. ಬಹರೈನಿನಲ್ಲಿ ಕನ್ನಡ ಬಲ್ಲ ಯಾರಿಗಾದರೂ ಜ್ವರ ಬಂದರೆ, ಥರ್ಮಾಮೀಟರಿಗಿಂತ ಮೊದಲು ಅತ್ತಿಗೆಗೆ ತಿಳಿಯುತ್ತಿತ್ತು. ಹಿಂದೂ, ಕ್ರೈಸ್ತ, ಬ್ಯಾರಿ ಎಂಬ ಭೇದವಿಲ್ಲ. ಹಣ್ಣಿನ ಚೀಲ ಹೊರಲು ನಾನು. ರಿಫಾ ಎಂಬ ಊರಿನಲ್ಲಿ ನಮ್ಮ ಕುಂದಾಪುರದ ಕಡೆಯ ಒಬ್ಬ ವ್ಯಾಪಾರಿಯ ಹೆಂಡತಿ ಕಾಲು ಮುರಿದುಕೊಂಡಿದ್ದರು. ಆ ಅಮ್ಮನಿಗೆ ಇದ್ದ ಒಂದೇ ಸುಖವೆಂದರೆ ನೋವಿನ ಬಗ್ಗೆ ವಿವರವಾಗಿ ಹೇಳುವುದು. ಅತ್ತಿಗೆ ಅದಕ್ಕೆ ಅವಕಾಶ ಕೊಡಲಿಲ್ಲ. ಕುರ್ಚಿ ಎಳೆದು ಕೂತವರೇ, ಇವತ್ತು ನಡೆದ ಮೂರು ಒಳ್ಳೆಯ ಸಂಗತಿ ಹೇಳಿದ ಮೇಲೆಯೇ ಉಳಿದ ಮಾತು ಎಂದರು.

ಆ ಅಮ್ಮ ಪ್ಲಾಸ್ಟರು ಹಾಕಿದ ಕಾಲನ್ನು ನೋಡಿದರು. ನನ್ನನ್ನು ನೋಡಿದರು. "ಒಂದು, ನೀವು ಬಂದದ್ದು," ಎಂದರು.

"ಎರಡು?"

"ಕೆಳಗೆ ನಿಮ್ಮ ಟ್ಯಾಕ್ಸಿ ಕಾಯ್ತಾ ಉಂಟಲ್ಲ, ಅದು."

"ಮೂರು?"

"ಅದು ನೀವು ಹೋದ ಮೇಲೆ ಅಕ್ಕ, ಫೋನ್ ಮಾಡಿ ಹೇಳ್ತೇನೆ."

ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಅತ್ತಿಗೆ ಗಂಭೀರವಾಗಿ ಫೋನ್ ನಂಬರು ಬರೆದುಕೊಟ್ಟರು. ಆ ಅಮ್ಮ ನಿಜಕ್ಕೂ ಫೋನ್ ಮಾಡಿದರು. ಒಮ್ಮೆಯಲ್ಲ, ಕಾಲು ಕೂಡುವವರೆಗೆ ದಿನಾ. ಒಳ್ಳೆಯ ಸಂಗತಿ ಹೇಳಲು ಅಲ್ಲ, ಅತ್ತಿಗೆಯ ಜೊತೆ ಜಗಳವಾಡಲು. ಜಗಳ ಆಡಿ ಆಡಿ ಹುಷಾರಾದರು.

ಇಷ್ಟೆಲ್ಲ ನಗುತ್ತ ಬರೆಯುತ್ತಿದ್ದೇನೆ. ಆದರೆ ಈ ಸಂತೋಷದ ಸರಕಾರದ ಕೆಳಗೆ ಪ್ರಜೆಯಾಗಿರುವುದು ಸುಲಭವಾಗಿರಲಿಲ್ಲ. ತೊಂಬತ್ತನಾಲ್ಕರಲ್ಲಿ ನನ್ನ ಅಪ್ಪ ತೀರಿಕೊಂಡರು. ನಿಮ್ಮ ಅಜ್ಜನಿಗೆ ರಜೆ ಸಿಗಲಿಲ್ಲ, ಒಬ್ಬಳೇ ಹೋಗಲು ನನಗೆ ಧೈರ್ಯವಿರಲಿಲ್ಲ. ಫೋನ್ ಬಂದು ಅರ್ಧ ಗಂಟೆಯಾಗಿರಲಿಲ್ಲ, ಅತ್ತಿಗೆ ಒಂದು ಚೀಟಿ ತಂದು ನನ್ನ ಮಡಿಲಲ್ಲಿ ಇಟ್ಟು ಹೋದರು. ನಾನು ಓದಲಿಲ್ಲ. ಬಚ್ಚಲಿಗೆ ಹೋಗಿ, ಸದ್ದು ಕೇಳಬಾರದೆಂದು ನಲ್ಲಿ ತೆರೆದು, ಅತ್ತೆ. ಹತ್ತು ನಿಮಿಷವಾಗಿರಬೇಕು. ಬಾಗಿಲ ಮೇಲೆ ಟಕ ಟಕ.

"ನೀರು ದಂಡ ಮಾಡ್ಬೇಡ ಮಾರಾಯ್ತಿ. ಇದು ಮರಳುಗಾಡು."

ಹೇಳಿ, ಇಂಥವರನ್ನು ಏನು ಮಾಡುವುದು?

ಈಗ ಪೆಟ್ಟಿಗೆಯ ವಿಷಯಕ್ಕೆ ಬರುತ್ತೇನೆ. ಹೊಸ ವರ್ಷದ ದಿನ ವಾಗ್ದಾನದ ಚೀಟಿ ತೆಗೆಯುವುದು ನಮ್ಮ ಕ್ರೈಸ್ತರಲ್ಲಿ ಹಿಂದಿನಿಂದ ಬಂದ ಪದ್ಧತಿ, ನೀವೂ ಮಾಡುತ್ತೀರಿ. ವೇದಪುಸ್ತಕದ ಒಂದೊಂದು ವಚನ ಅಚ್ಚಾದ ಚೀಟಿಗಳು ಪೆಟ್ಟಿಗೆಯಲ್ಲಿರುತ್ತವೆ. ಕಣ್ಣು ಮುಚ್ಚಿ ಒಂದನ್ನು ತೆಗೆದರೆ, ಅದು ಆ ವರ್ಷಕ್ಕೆ ದೇವರು ನಿಮಗೆ ಹೇಳುವ ಮಾತು. ನಮ್ಮ ಊರಿನ ಸಭೆಯ ಪೆಟ್ಟಿಗೆಯಲ್ಲಿ ಎಲ್ಲ ಬಗೆಯ ವಚನಗಳೂ ಇದ್ದವು. ಸಂತೈಸುವವು, ಗದರಿಸುವವು, ಎಚ್ಚರಿಸುವವು. ಒಂದು ವರ್ಷ ನನ್ನ ಅಪ್ಪನಿಗೆ ಸೋಮಾರಿಗಳನ್ನು ಬೈಯುವ ವಚನ ಬಂದು ಸಭೆಗೆ ಸಭೆಯೇ ನಕ್ಕಿತ್ತು. ಆ ವರ್ಷ ಪೂರ್ತಿ ಅಪ್ಪ ಕೋಳಿಗಿಂತ ಮೊದಲು ಎದ್ದರು. ಆದ್ದರಿಂದ ನನಗೆ ಆ ಚೀಟಿಯ ಮೇಲೆ ದೊಡ್ಡ ನಂಬಿಕೆ. ಬಾಯಿಬಿಟ್ಟು ಕೇಳಲಾರದವಳಿಗೂ ದೇವರು ಉತ್ತರ ಕೊಡುವ ದಾರಿ ಅದು.

ಬಹರೈನಿನಲ್ಲಿ ನಮ್ಮ ಕನ್ನಡ ಪ್ರಾರ್ಥನಾ ಕೂಟ ಶುಕ್ರವಾರ ಶುಕ್ರವಾರ, ರಜೆಯ ದಿನ, ನಮ್ಮ ಫ್ಲ್ಯಾಟಿನಲ್ಲೇ ಸೇರುತ್ತಿತ್ತು. ಒಬ್ಬೊಬ್ಬರಾಗಿ ಎದ್ದು, ದೇವರು ತಮಗೆ ಮಾಡಿದ ಒಳಿತಿನ ಸಾಕ್ಷಿ ಹೇಳಬೇಕು. ನನ್ನ ಸರದಿ ಬರುವಷ್ಟರಲ್ಲಿ ನಾನು ಅಡುಗೆಮನೆಯಲ್ಲಿ ಚಹಾ ಕಾಸುತ್ತಿರುತ್ತಿದ್ದೆ. ಹೊಸ ವರ್ಷದ ದಿನ ಮಾತ್ರ ತಪ್ಪಿಸಿಕೊಳ್ಳುವಂತಿರಲಿಲ್ಲ. ಅತ್ತಿಗೆ ತೇಗದ ಪೆಟ್ಟಿಗೆ ಹಿಡಿದು ಎಲ್ಲರ ಮುಂದೆ ಬರುತ್ತಿದ್ದರು. ತೆಗೆದ ಚೀಟಿಯನ್ನು ಗಟ್ಟಿಯಾಗಿ ಓದಬೇಕು, ಆಮೇಲೆ ಅದನ್ನು ಮನೆಗೆ ಒಯ್ಯಬಹುದು. ಅದಕ್ಕಾಗಿ ಪ್ರತಿ ವರ್ಷ ಊರಿನಿಂದ ಹೊಸ ಕಟ್ಟು ತರಿಸುತ್ತಿದ್ದರು. ಎಲ್ಲರದೂ ಆದ ಮೇಲೆ ಯಾರಾದರೂ, "ಅಕ್ಕ, ನಿಮ್ಮದು?" ಎಂದರೆ, "ನೀವೆಲ್ಲ ಪಾಯಸ ಕುಡಿಯಿರಿ. ನಾನು ಪಾತ್ರೆ ತೊಳೆದ ಮೇಲೆ ತೆಕ್ಕೊಳ್ತೇನೆ," ಎನ್ನುತ್ತಿದ್ದರು.

ಮೂರು ಹೊಸ ವರ್ಷ ಕಳೆಯುವಾಗ ನನಗೆ ಒಂದು ವಿಚಿತ್ರ ಕಾಣಿಸತೊಡಗಿತು. ಬಹರೈನಿನಲ್ಲಿ ದೇವರು ಯಾರಿಗೂ ಬೈಯುತ್ತಲೇ ಇರಲಿಲ್ಲ! ಹೆಂಡತಿಗೆ ಗೊತ್ತಾಗದ ಹಾಗೆ ಕುಡಿಯುತ್ತಿದ್ದವನಿಗೂ ಆಶೀರ್ವಾದ. ಅಣ್ಣನ ಜೊತೆ ಮಾತು ಬಿಟ್ಟವನಿಗೂ ಹಸಿರು ಹುಲ್ಲುಗಾವಲಿನ ವಚನ. ಮರಳುಗಾಡಿನ ಸೆಕೆಗೆ ದೇವರು ಮೆತ್ತಗಾದನೇ ಎಂದುಕೊಂಡೆ.

ತೊಂಬತ್ತೈದರ ಕೊನೆಯಲ್ಲಿ ನಿಮ್ಮ ಅಜ್ಜನಿಗೆ ಮೆಟ್ಟಿಲು ಹತ್ತಿದರೆ ಉಸಿರು ಕಟ್ಟತೊಡಗಿತು. ಹೃದಯದ ಕವಾಟ ಕೆಟ್ಟಿದೆ, ಜನವರಿಯಲ್ಲಿ ಎದೆ ತೆರೆದು ಆಪರೇಷನ್ ಮಾಡಬೇಕು ಎಂದರು ಡಾಕ್ಟರು. ಉಳಿಯುತ್ತಾರಾ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಆ ಸಲದ ಚೀಟಿಗಾಗಿ ನಾನು ಎಷ್ಟು ಕಾದೆ ಎಂದರೆ ಬರೆದು ತೋರಿಸಲಾರೆ. ಒಳ್ಳೆಯದಿರಲಿ, ಕೆಟ್ಟದಿರಲಿ, ಒಂದು ನಿಜವಾದ ಮಾತು ಸಿಕ್ಕರೆ ಸಾಕಿತ್ತು.

ಡಿಸೆಂಬರ್ ಮೂವತ್ತೊಂದರ ಮಧ್ಯಾಹ್ನ ಅಡುಗೆಮನೆಗೆ ಹೋದರೆ, ನಾವು ಅಕ್ಕಿ ಆರಿಸುವ ದೊಡ್ಡ ಹರಿವಾಣದ ಮುಂದೆ ಅತ್ತಿಗೆ ಕೂತಿದ್ದರು. ಹರಿವಾಣದಲ್ಲಿ ಅಕ್ಕಿಯಲ್ಲ, ಊರಿನಿಂದ ಬಂದ ಹೊಸ ಚೀಟಿಗಳು. ಒಂದೊಂದನ್ನೇ ಎತ್ತಿ ಓದಿ, ಕೆಲವನ್ನು ಪೆಟ್ಟಿಗೆಗೆ ಹಾಕುತ್ತಿದ್ದರು, ಕೆಲವನ್ನು ಬದಿಗೆ ಸರಿಸುತ್ತಿದ್ದರು. ಬದಿಗೆ ಸರಿಸಿದ್ದರಲ್ಲಿ ಒಂದನ್ನು ನಾನು ಎತ್ತಿ ನೋಡಿದೆ. ಅಪ್ಪನಿಗೆ ಬಂದಿದ್ದ ಸೋಮಾರಿಯ ವಚನ!

"ಎಂಥ ಮಾಡ್ತಿದ್ದೀರಿ ಅತ್ತಿಗೆ?"

"ಕಾಣುದಿಲ್ವಾ? ಆರಿಸುದು."

"ದೇವರ ಮಾತನ್ನು ಆರಿಸುದಾ?"

"ಅಕ್ಕಿ ಕೊಟ್ಟದ್ದೂ ದೇವರೇ ಅಲ್ವಾ? ಕಲ್ಲು ತೆಗೆಯದೆ ಅನ್ನ ಮಾಡ್ತೀಯಾ ನೀನು?"

"ತೆಗೆದ ಕಲ್ಲನ್ನು ಎಂಥ ಮಾಡ್ತೀರಿ?"

ಅವರು ಮೂಗಿನ ಮೇಲಿನ ಕನ್ನಡಕ ಸರಿ ಮಾಡಿಕೊಂಡರು. "ಕುಕ್ಕರ್ ಎಷ್ಟು ಸೀಟಿ ಆಯ್ತು ನೋಡು," ಎಂದರು.

ನಾನು ತಿರುಗಿ ನೋಡಿದೆ. ಒಲೆಯ ಮೇಲೆ ಕುಕ್ಕರೇ ಇರಲಿಲ್ಲ!

ಮರುದಿನ ಬೆಳಿಗ್ಗೆ ಆರಾಧನೆ ಮುಗಿಸಿ ಎಲ್ಲರೂ ಮನೆಗೆ ಬಂದರು. ಪೆಟ್ಟಿಗೆ ಸುತ್ತು ಬಂತು. ನಿಮ್ಮ ಅಜ್ಜ ಏದುಸಿರು ಬಿಡುತ್ತ ಒಂದು ಚೀಟಿ ತೆಗೆದು ಓದಿದರು. ದೀರ್ಘಾಯುಷ್ಯದ ವಚನ. ಎಲ್ಲರ ಕಣ್ಣೂ ತುಂಬಿದವು. ನನಗೆ ಮಾತ್ರ ಸಿಟ್ಟು ಬಂತು. ಇನ್ನೇನು ಬರಲಿಕ್ಕುಂಟು ಅದರಲ್ಲಿ? ಆಯುಷ್ಯವನ್ನು ಅಕ್ಕಿಯ ಹಾಗೆ ಆರಿಸಿ ತುಂಬಿಸಿದ್ದಾರೆ! ಪೆಟ್ಟಿಗೆ ನನ್ನ ಮುಂದೆ ಬಂದಾಗ ಕೈ ಚಾಚಲಿಲ್ಲ.

"ನನಗೆ ಬೇಡ," ಎಂದೆ.

ಕೂಟದಲ್ಲಿ ಅಷ್ಟು ವರ್ಷಗಳಲ್ಲಿ ನಾನು ಗಟ್ಟಿಯಾಗಿ ಆಡಿದ ಮೊದಲ ಮಾತು. ಕಿವಿ ಮಂದವಾಗಿದ್ದ ಹಿರಿಯರೊಬ್ಬರು ನಾನು ಕೊನೆಗೂ ಸಾಕ್ಷಿ ಹೇಳಿದೆ ಎಂದುಕೊಂಡು, ಸಂತೋಷದಿಂದ ಆಮೆನ್ ಎಂದರು. ಅತ್ತಿಗೆ "ಆಯ್ತು. ನಿನ್ನದು ಇದರಲ್ಲೇ ಇರ್ತದೆ," ಎಂದು ಮುಚ್ಚಳ ಹಾಕಿದರು. ಆಮೇಲೆ ಪಾತ್ರೆ ತೊಳೆಯಲು ಹೋದರು.

ಆಪರೇಷನ್ನಿನ ದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಚೀಟಿಗಳ ಸಂತರ್ಪಣೆಯೇ ಆಯಿತು. ನರ್ಸುಗಳಿಗೆ ಚೀಟಿ, ನೆಲ ಒರೆಸುವವನಿಗೆ ಚೀಟಿ. ಪಕ್ಕದ ಬೆಂಚಿನಲ್ಲಿದ್ದ ಬಹರೈನಿನ ಮುದುಕರೊಬ್ಬರು ಅರ್ಥವಾಗದ ಆ ಕಾಗದವನ್ನು ಎದೆಗೆ ಒತ್ತಿಕೊಂಡು, ಅತ್ತಿಗೆಗೆ ಒಂದು ಹಿಡಿ ಖರ್ಜೂರ ಕೊಟ್ಟರು. ಎದೆ ಕೊಯ್ಯಬೇಕಾದ ಡಾಕ್ಟರ ಕೋಟಿನ ಜೇಬಿಗೂ ಒಂದು ಹೋಯಿತು. ಭೂಕಂಪ ಪ್ರವಾಹಗಳಿಗೆ ತಾನು ಹೊಣೆಯಲ್ಲ ಎಂದು ಓದಿಕೊಂಡು ಆ ಮನುಷ್ಯ ಒಳಗೆ ಹೋದನೋ ಏನೋ, ನನಗೆ ಗೊತ್ತಿಲ್ಲ.

ಬಾಗಿಲು ಮುಚ್ಚಿತು. ಐದು ಗಂಟೆ. ಆ ಐದು ಗಂಟೆ ಅತ್ತಿಗೆ ಒಂದು ಮಾತೂ ಆಡಲಿಲ್ಲ. ಕೈಚೀಲವನ್ನು ಎರಡೂ ಕೈಯಿಂದ ಹಿಡಿದುಕೊಂಡು ಗೋಡೆ ನೋಡುತ್ತ ಕೂತಿದ್ದರು. ಅಂತೂ ಇವರ ಬಾಯಿ ನಿಂತಿತಲ್ಲ ಎಂದು ನಾನು ದೇವರಿಗೆ ಸ್ತೋತ್ರ ಹೇಳಿದೆ. ಸಿಟ್ಟು ಅಷ್ಟಿತ್ತು.

ಡಾಕ್ಟರು ಹೊರಗೆ ಬಂದು, ಎಲ್ಲ ಸರಿಯಾಯಿತು ಎಂದರು. ಅತ್ತಿಗೆ ನನ್ನ ಕಡೆ ತಿರುಗಿದರು.

"ನೋಡಿದ್ಯಾ? ಅವನ ಚೀಟಿ."

"ಆರಿಸಿದ ಚೀಟಿ," ಎಂದೆ.

"ಹೌದು," ಎಂದರು. ಅಷ್ಟೇ. ಮುಖ ತೊಳೆದುಕೊಂಡು ಬರುತ್ತೇನೆಂದು ಹೋದರು. ಒಳಗಿನಿಂದ ನಲ್ಲಿಯ ಸದ್ದು ತುಂಬ ಹೊತ್ತು ಕೇಳಿಸುತ್ತಿತ್ತು. ಸುಮ್ಮನೆ ನೀರು ದಂಡ ಮಾಡುವವರಲ್ಲ ಅವರು. ಆಗ ನನಗೆ ಅದು ಹೊಳೆಯಲಿಲ್ಲ.

ಮುಂದಿನ ವರ್ಷ ಅತ್ತಿಗೆ ನಿವೃತ್ತಿಯಾಗಿ ಉಡುಪಿಗೆ ಹೋಗಿ ನೆಲೆಸಿದರು. ಹೋಗುವಾಗ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು, "ಇನ್ನು ನೀನು ನೋಡ್ಕೋ," ಎಂದರು. ನಾನು ತಲೆಯಾಡಿಸಿದೆ, ಅಷ್ಟೆ. ತೊಂಬತ್ತೆಂಟರ ಮಳೆಗಾಲದಲ್ಲಿ ತೀರಿಕೊಂಡರು. ಅದರ ಮರುವರ್ಷ ನಾವೂ ಮಾಹೂಝಿನ ಮನೆ ಖಾಲಿ ಮಾಡಿದೆವು. ಅಡುಗೆಮನೆಯ ಮೇಲಿನ ಕಪಾಟು ಒರೆಸುವಾಗ ತೀರಾ ಹಿಂದೆ ಒಂದು ಹಲ್ವಾದ ಡಬ್ಬಿ ಕೈಗೆ ಸಿಕ್ಕಿತು. ಮುಚ್ಚಳದ ಮೇಲೆ ಮುತ್ತಿನಂಥ ಅಕ್ಷರದಲ್ಲಿ ಬರೆದಿತ್ತು: ಕಲ್ಲು.

ಒಳಗೆ ಅವರು ಆರಿಸಿ ತೆಗೆದ ಚೀಟಿಗಳು. ಗದರಿಸುವವು, ಅಗಲಿಕೆಯವು, ಬೆಂಕಿಯವು, ಬೂದಿಯವು. ಒಂದನ್ನೂ ಬಿಸಾಡಿರಲಿಲ್ಲ. ಕೆಲವನ್ನು ಬೇರೆಯಾಗಿ ನೂಲಿನಲ್ಲಿ ಕಟ್ಟಿದ್ದರು. ಅವರು ಬಹರೈನಿಗೆ ಬಂದ ವರ್ಷದಿಂದ ವರ್ಷಕ್ಕೊಂದು, ಹಿಂಬದಿಯಲ್ಲಿ ಇಸವಿ, ಅದರ ಕೆಳಗೆ 'ನನ್ನದು' ಎಂಬ ಒಂದು ಪದ. ಪಾತ್ರೆ ತೊಳೆದ ಮೇಲೆ ಅವರು ಕೈಹಾಕುತ್ತಿದ್ದದ್ದು ಈ ಡಬ್ಬಿಗೆ.

ಎರಡರ ಮೇಲೆ ಮಾತ್ರ ಇನ್ನೂ ಒಂದು ಸಾಲಿತ್ತು. ತೊಂಬತ್ತನಾಲ್ಕರದರಲ್ಲಿ: 'ಅವಳ ಅಪ್ಪ ಹೋದರು. ಏನು ಹೇಳಬೇಕೆಂದು ನನಗೆ ತಿಳಿಯಲಿಲ್ಲ.' ತೊಂಬತ್ತಾರರದು ಅಗಲಿಕೆಯ ವಚನ. ಅದರ ಹಿಂದೆ: 'ಇದು ತಮ್ಮನಿಗೆ ಬಂದದ್ದಲ್ಲ. ತೆಗೆದವಳು ನಾನು.'

ಖಾಲಿ ಮನೆಯ ಅಡುಗೆಮನೆಯಲ್ಲಿ ಕೂತು ನಾನು ಗಟ್ಟಿಯಾಗಿ ಅತ್ತೆ. ನಲ್ಲಿ ತೆರೆಯಲಿಲ್ಲ.

ನಿಮ್ಮ ಅಜ್ಜ ಆಪರೇಷನ್ನಿನ ನಂತರ ಇಪ್ಪತ್ತೆರಡು ವರ್ಷ ಬದುಕಿದರು. ಅವರು ಹೋದ ಮೇಲಿನ ಮೊದಲ ಹೊಸ ವರ್ಷಕ್ಕೆ, ಇನ್ನು ಮೇಲಾದರೂ ಪ್ರಾಮಾಣಿಕವಾಗಿರೋಣ, ಕಲ್ಲುಗಳನ್ನೆಲ್ಲ ಪೆಟ್ಟಿಗೆಗೇ ಸೇರಿಸಿಬಿಡೋಣ ಎಂದು ಹರಿವಾಣ ಇಟ್ಟುಕೊಂಡು ಕೂತೆ. ಅತ್ತಿಗೆಗೆ ಅಷ್ಟು ದೊಡ್ಡದಾಗಿ ಬುದ್ಧಿ ಹೇಳಿದವಳಲ್ಲವೇ ನಾನು? ಒಂದೊಂದನ್ನೇ ಎತ್ತಿದೆ, ಓದಿದೆ. ಇದು ಯಾರ ಕೈಗೆ ಬರಲಿ? ನಿಮ್ಮಲ್ಲಿ ದೊಡ್ಡವಳಿಗೆ ಪರೀಕ್ಷೆ. ಚಿಕ್ಕವನಿಗೆ ಉಬ್ಬಸ. ನಿಮ್ಮ ಅಮ್ಮ ಆಗಲೇ ಅರ್ಧ ಸೊರಗಿದ್ದಳು. ಸಂಜೆಯಾಗುವಷ್ಟರಲ್ಲಿ ಚೀಟಿಗಳೆಲ್ಲ ಹಲ್ವಾದ ಡಬ್ಬಿಗೆ ವಾಪಸು ಹೋಗಿದ್ದವು.

ಈ ವರ್ಷ ಚಿಕ್ಕವನು ತನ್ನ ಚೀಟಿ ಓದಿ ಮುಗಿಸಿ, ಪೆಟ್ಟಿಗೆಯನ್ನು ನನ್ನ ಮುಂದೆ ಹಿಡಿದು, "ಅಜ್ಜಿ, ನಿಮ್ಮದು?" ಎಂದ. ನಾನು ಏನು ಹೇಳಿದೆ, ನಿಮಗೆ ನೆನಪಿರಬೇಕು.

"ನೀವೆಲ್ಲ ಪಾಯಸ ಕುಡಿಯಿರಿ. ನಾನು ಪಾತ್ರೆ ತೊಳೆದ ಮೇಲೆ ತೆಕ್ಕೊಳ್ತೇನೆ."